ಕುರ್ಚಿಯೂ ಕೊಬ್ಬೂ

ಲಂಡನ್ ನಗರದ ಎರಡು ಅಂತಸ್ತಿನ ಕೆಂಪು ಬಸ್ಸನ್ನು ಚಿತ್ರದಲ್ಲಾದರೂ ನೋಡದವರು ವಿರಳ. ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಅಂತಹ ಒಂದೊಂದು ಬಸ್ಸಿನಲ್ಲಿಯೂ ಇಬ್ಬರು ನೌಕರರು ಇರುತ್ತಿದ್ದರು. ಒಬ್ಬನು ಚಾಲಕ, ಇನ್ನೊಬ್ಬನು ನಿರ್ವಾಹಕ. ಚಾಲಕನು ತನ್ನ ಪಾಳಿಯ ಬಹುಭಾಗವನ್ನು ಆಸನದಲ್ಲಿ ಕುಳಿತೇ ಕಳೆಯುತ್ತಿದ್ದನು. ನಿರ್ವಾಹಕನಿಗಾದರೋ ಕುಳಿತುಕೊಳ್ಳಲು ಬಿಡುವೇ ಇರಲಿಲ್ಲ. ಟಿಕೆಟು ಕೊಡುವುದಕ್ಕಾಗಿ ಅವನು ಕೆಳಗಿನ ಅಂತಸ್ತಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ದಿನವಿಡೀ ಹತ್ತಿ ಇಳಿಯುತ್ತಿದ್ದನು. ಹೀಗೆ ಅವನು ದಿನವೊಂದಕ್ಕೆ ಏರುತ್ತಿದ್ದ ಮೆಟ್ಟಿಲುಗಳು ಸುಮಾರು 500ರಿಂದ 750. ಇಬ್ಬರೂ ಒಂದೇ ಸಂಸ್ಥೆಯ ನೌಕರರು, ಒಂದೇ ನಗರದ ನಿವಾಸಿಗಳು. ಉಣ್ಣುವ ಅನ್ನ, ಉಸಿರಾಡುವ ಹೊಗೆ ಎರಡರಲ್ಲಿಯೂ ಅವರಿಗೆ ಹೆಚ್ಚಿನ ಅಂತರವಿರಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ ಹೃದಯಾಘಾತದಿಂದ ಸಾಯುವ ಗಂಡಸರ ಸಂಖ್ಯೆ ಏರುತ್ತಲೇ ಇತ್ತು. ಅದಕ್ಕೆ ಕಾರಣವೇನೆಂಬುದು ಯಾರಿಗೂ ಸ್ಪಷ್ಟವಾಗಿರಲಿಲ್ಲ. ಜೆರಿ ಮಾರಿಸ್ ಎಂಬ ವೈದ್ಯರ ದೃಷ್ಟಿ ಈ ಬಸ್ಸುಗಳತ್ತ ಹರಿಯಿತು. ಅವರೂ ಅವರ ಸಹೋದ್ಯೋಗಿಗಳೂ 35ರಿಂದ 64 ವರ್ಷ ವಯಸ್ಸಿನ ಸುಮಾರು 31,000 ಸಾರಿಗೆ ನೌಕರರ ಆರೋಗ್ಯದ ದಾಖಲೆಗಳನ್ನು ಪರಿಶೀಲಿಸಿ, 1953ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಹೃದಯದ ಬೇನೆ ಚಾಲಕರಲ್ಲಿ ಹೆಚ್ಚು, ನಿರ್ವಾಹಕರಲ್ಲಿ ಕಡಮೆ. ನಿರ್ವಾಹಕರಿಗೆ ಬೇನೆ ಬಂದಾಗಲೂ ಅದು ತಡವಾಗಿ, ಸೌಮ್ಯವಾಗಿ ಬರುತ್ತಿತ್ತು. ಬಸ್ಸಿನ ಚಾಲಕನಿಗೆ ಸಂಚಾರದ ದಟ್ಟಣೆಯಿಂದ ಮನಸ್ಸಿನ ಆತಂಕ ಹೆಚ್ಚು, ಬೇನೆಗೆ ಅದೇ ಕಾರಣವಾಗಿರಬಹುದು ಎಂದು ಯಾರಾದರೂ ವಾದಿಸಬಹುದಾಗಿತ್ತು. ಮಾರಿಸ್ ಅವರು ಅಂಚೆ ಇಲಾಖೆಯನ್ನೂ ಪರಿಶೀಲಿಸಿದರು. ಕಾಲ್ನಡಿಗೆಯಲ್ಲಿಯೂ ಸೈಕಲ್ಲಿನಲ್ಲಿಯೂ ಕಾಗದ ಹಂಚುವ ಅಂಚೆಯಾಳುಗಳಿಗಿಂತ, ಅದೇ ಇಲಾಖೆಯಲ್ಲಿ ಕುಳಿತು ಕೆಲಸ ಮಾಡುವ ಗುಮಾಸ್ತರಲ್ಲಿ ಬೇನೆ ಹೆಚ್ಚೆಂಬುದು ಅಲ್ಲಿಯೂ ಕಂಡುಬಂತು.

ಅವರ ಇನ್ನೊಂದು ಶೋಧ ಬಹು ಸ್ವಾರಸ್ಯವಾದುದು. ಸಾರಿಗೆ ಸಂಸ್ಥೆಯವರು ನೌಕರರಿಗೆ ಸಮವಸ್ತ್ರ ಹೊಲಿಸಿ ಕೊಡುತ್ತಿದ್ದರು. ಹಾಗಾಗಿ ಪ್ರತಿಯೊಬ್ಬನ ಷರಾಯಿಯ ಸೊಂಟದ ಅಳತೆ ಕಡತದಲ್ಲಿ ಸಿದ್ಧವಾಗಿಯೇ ಇತ್ತು. ವೈದ್ಯರು ಅಳತೆಪಟ್ಟಿ ಹಿಡಿದು ಸಾವಿರಾರು ಜನರ ಹಿಂದೆ ಓಡಾಡಬೇಕಾಗಿರಲಿಲ್ಲ. ದರ್ಜಿಯೇ ಅವರ ಕೆಲಸವನ್ನು ಮುಗಿಸಿಟ್ಟಿದ್ದನು! 1956ರಲ್ಲಿ ಪ್ರಕಟವಾದ ಆ ಲೆಕ್ಕದಂತೆ ಚಾಲಕರ ಸೊಂಟ ನಿರ್ವಾಹಕರ ಸೊಂಟಕ್ಕಿಂತ ದಪ್ಪ. ಎಳೆಯ ವಯಸ್ಸಿನ ಚಾಲಕರಲ್ಲಿಯೂ ಈ ವ್ಯತ್ಯಾಸ ಕಂಡಿತು. ಆದುದರಿಂದ ಕುಳಿತದ್ದರಿಂದಲೇ ಅವರು ದಪ್ಪಗಾದರೋ, ದಪ್ಪಗಿದ್ದವರೇ ಕುಳಿತು ಮಾಡುವ ಕೆಲಸವನ್ನು ಆರಿಸಿಕೊಂಡರೋ ಎಂಬ ಸಂದೇಹಕ್ಕೆ ಎಡೆಯಾಯಿತು. ಆದರೆ ತೆಳ್ಳನೆಯವರನ್ನು ತೆಳ್ಳನೆಯವರೊಡನೆ, ದಪ್ಪನೆಯವರನ್ನು ದಪ್ಪನೆಯವರೊಡನೆ ಹೋಲಿಸಿ ನೋಡಿದಾಗಲೂ ನಿರ್ವಾಹಕರೇ ಸುರಕ್ಷಿತರಾಗಿ ಕಂಡರು. ಮೈಯ ದಪ್ಪ ಒಂದು ಕೇಡು, ಮೈಯ ಜಡತೆ ಇನ್ನೊಂದು ಕೇಡು; ಅವೆರಡೂ ಬಹುಮಟ್ಟಿಗೆ ಜೊತೆಯಲ್ಲಿ ಬಂದರೂ ಒಂದೇ ಅಲ್ಲ.

ಕುಳಿತು ದುಡಿಯುವವನು ಕಡಮೆ ಶಕ್ತಿಯನ್ನು ವೆಚ್ಚಮಾಡುತ್ತಾನೆ, ನಿಜ. ಹಾಗಾದರೆ ಅವನ ಹಸಿವೂ ಅಷ್ಟೇ ಕುಗ್ಗಬೇಕಲ್ಲವೆ? ಕುಗ್ಗಿದರೆ ಕೊಬ್ಬು ಕೂಡಿಕೊಳ್ಳಲು ಕಾರಣವೇ ಇಲ್ಲ. ಈ ಪ್ರಶ್ನೆಗೆ ಉತ್ತರ ದೊರೆತದ್ದು ಭಾರತದಲ್ಲಿ, ಹೂಗ್ಲಿ ನದಿಯ ಬದಿಯ ಚೆಂಗೈಲ್ ಎಂಬ ಊರಿನ ಸೆಣಬಿನ ಗಿರಣಿಯಲ್ಲಿ. ಪೋಷಣಶಾಸ್ತ್ರಜ್ಞರಾದ ಝಾನ್ ಮೇಯರ್ ಅವರು ಇಬ್ಬರು ಬಂಗಾಳಿ ಸಂಶೋಧಕರ ಜೊತೆಗೂಡಿ ಅಲ್ಲಿನ 213 ಜನರ ಆಹಾರವನ್ನೂ ತೂಕವನ್ನೂ ಅಳೆದು 1956ರಲ್ಲಿ ಪ್ರಕಟಿಸಿದರು. ಅವರಲ್ಲಿ ಇಡೀ ದಿನ ಮಳಿಗೆಯಲ್ಲಿ ಕುಳಿತಿರುವ ಅಂಗಡಿಯವರಿದ್ದರು, ಮೇಲ್ವಿಚಾರಕರಿದ್ದರು, ಗುಮಾಸ್ತರಿದ್ದರು, ನೇಕಾರರಿದ್ದರು, ಕಲ್ಲಿದ್ದಲು ಹೊರುವವರೂ ಇದ್ದರು. ಹೊರೆಯಾಳುಗಳು ಹೆಚ್ಚು ಉಂಡರು. ಅವರಿಗಿಂತ ಹಗುರ ಕೆಲಸದವರು ಕಡಮೆ ಉಂಡರು. ಇಲ್ಲಿಯವರೆಗೆ ಎಲ್ಲವೂ ನಿರೀಕ್ಷೆಯಂತೆಯೇ ಇತ್ತು. ಆದರೆ ಪೂರ್ತಿ ಕುಳಿತೇ ಇರುವವರ ಬಳಿಗೆ ಬಂದಾಗ ಲೆಕ್ಕ ತಲೆಕೆಳಗಾಯಿತು. ಎಲ್ಲರಿಗಿಂತ ಕಡಮೆ ಉಣ್ಣಬೇಕಾಗಿದ್ದ ಅವರು ಹಗುರ ಕೆಲಸದವರಿಗಿಂತ ಹೆಚ್ಚು ಉಣ್ಣುತ್ತಿದ್ದರು. ತೂಕದಲ್ಲಿಯೂ ಅವರೇ ಮುಂದು. ಮೈ ಒಂದಿಷ್ಟಾದರೂ ದುಡಿಯುತ್ತಿರುವಾಗ ಹಸಿವು ತಕ್ಕಡಿಯ ಮುಳ್ಳಿನಂತೆ ಕೆಲಸಕ್ಕೆ ತಕ್ಕಂತೆ ಅಲುಗುತ್ತದೆ. ದುಡಿಮೆ ತೀರ ಕೆಳಗಿಳಿದರೆ ಆ ಮುಳ್ಳು ನೆಚ್ಚಿಕೆಗೆ ಅರ್ಹವಾಗಿ ಉಳಿಯುವುದಿಲ್ಲ. ಒಂದೇ ಗಿರಣಿಯ ಲೆಕ್ಕವನ್ನು ಜಗತ್ತಿಗೆಲ್ಲ ಅನ್ವಯಿಸುವಾಗ ಎಚ್ಚರ ಬೇಕು. ಆದರೆ ಅನಂತರ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳೂ ಈ ಮಾತನ್ನೇ ಬಹುಮಟ್ಟಿಗೆ ಸಮರ್ಥಿಸಿವೆ.

ಕುಳಿತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎಂಬ ಗಾದೆಯನ್ನು ಹಿರಿಯರು ಹಣದ ವಿಷಯದಲ್ಲಿ ಹೇಳಿದರು. ಮೈಯ ವಿಷಯದಲ್ಲಿ ಅದು ತಿರುವುಮುರುವಾಗುತ್ತದೆ: ಕುಳಿತು ಉಣ್ಣುವವನ ಕುಡಿಕೆ ಬರಿದಾಗುವುದಿಲ್ಲ, ತುಂಬುತ್ತಲೇ ಹೋಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2020ರಲ್ಲಿ ಕೊಟ್ಟ ಅಂದಾಜಿನಂತೆ, 65 ಕಿಲೊಗ್ರಾಂ ತೂಕದ ಗಂಡಸು ಕುಳಿತು ಕೆಲಸ ಮಾಡುವವನಾದರೆ ಅವನಿಗೆ ದಿನಕ್ಕೆ ಸುಮಾರು 2,110 ಕಿಲೊಕ್ಯಾಲೊರಿ ಶಕ್ತಿಯ ಆಹಾರ ಸಾಕು. ಅವನೇ ಭಾರವಾದ ಮೈದುಡಿಮೆ ಮಾಡುವವನಾದರೆ ಸುಮಾರು 3,470 ಬೇಕು. ಇವೆರಡರ ನಡುವಣ ಅಂತರ 1,360. ಸುಮಾರು 30 ಗ್ರಾಂ ಅಕ್ಕಿಯಲ್ಲಿ 100 ಕಿಲೊಕ್ಯಾಲೊರಿ ಇರುತ್ತದೆಂದು ಲೆಕ್ಕ ಹಿಡಿದರೆ, ಇದು 400 ಗ್ರಾಂ ಅಕ್ಕಿಗೆ ಸಮ. ಹೊಲದಿಂದ ಕುರ್ಚಿಗೆ ಬಂದವನ ತಟ್ಟೆಯಿಂದ ಇಷ್ಟೊಂದು ಅನ್ನ ಮಾಯವಾಗಬೇಕು. ಆದರೆ ಹಾಗೆಂದು ಅವನಿಗೆ ಯಾರು ಹೇಳುತ್ತಾರೆ?

ಇಂತಹ ಒಬ್ಬ ತರುಣನನ್ನು ಕಲ್ಪಿಸಿಕೊಳ್ಳಬಹುದು. ಮಂಡ್ಯದ ಸೀಮೆಯ ರೈತನ ಮಗ. ಕಬ್ಬು ಕಡಿದು, ನಾಲೆಯ ನೀರು ತಿರುಗಿಸಿ, ದನಗಳಿಗೆ ಹುಲ್ಲಿನ ಹೊರೆ ಹೊತ್ತು ಬೆಳೆದವನು. ಓದು ಮುಗಿಸಿ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಬೆಂಗಳೂರಿನ ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕನಾಗಿ ಸೇರುತ್ತಾನೆ. ಆಗ ಅವನ ಎತ್ತರ 165 ಸೆಂಟಿಮೀಟರ್, ತೂಕ 60 ಕಿಲೊ. ಬೆಳಗ್ಗೆ ಬಸ್ಸು, ಕಚೇರಿಯಲ್ಲಿ ಲಿಫ್ಟು, ಅನಂತರ ಸಂಜೆಯವರೆಗೆ ಕಂಪ್ಯೂಟರಿನ ಮುಂದೆ ಕುರ್ಚಿ. ಮುದ್ದೆ ಮಾತ್ರ ಊರಿನಲ್ಲಿದ್ದಂತೆ ಎರಡು. ಅದರ ಮೇಲೆ ಕಚೇರಿಯ ಕಾಫಿ ದಿನಕ್ಕೆ ನಾಲ್ಕು ಬಾರಿ. ಪ್ರತಿ ಲೋಟಕ್ಕೆ ಎರಡು ಚಮಚ ಸಕ್ಕರೆ. ಸಂಜೆ ಸ್ನೇಹಿತರೊಡನೆ ಬೋಂಡ. ಅವನೇನೂ ಹೊಟ್ಟೆಬಾಕನಲ್ಲ. ಮೊದಲು ತಿನ್ನುತ್ತಿದ್ದುದಕ್ಕಿಂತ ಬಹಳ ಹೆಚ್ಚಾಗಿ ತಿನ್ನುತ್ತಿರುವನೆಂದು ಅವನಿಗೆ ಅನಿಸುವುದೂ ಇಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ನೆರೆಹೊರೆಯವರು, "ಬೆಂಗಳೂರಿನ ನೀರು ಹುಡುಗನಿಗೆ ಹಿಡಿಸಿದೆ, ಮೈಕೈ ತುಂಬಿಕೊಂಡಿದ್ದಾನೆ" ಎಂದು ಸಂತೋಷಪಡುತ್ತಾರೆ. ಹಸಿವನ್ನೂ ಬರಗಾಲವನ್ನೂ ಕಂಡ ನಾಡಿನಲ್ಲಿ ಮೈ ತುಂಬಿಕೊಳ್ಳುವುದು ಏಳಿಗೆಯ ಗುರುತಾಗಿದ್ದುದು ಸಹಜವೇ. ಮೂರು ವರ್ಷಗಳಲ್ಲಿ ತೂಕ 72 ಕಿಲೊ ಆಗುತ್ತದೆ. ಕಚೇರಿಯಲ್ಲಿ ನಡೆದ ಆರೋಗ್ಯ ತಪಾಸಣೆಯ ದಿನ ವೈದ್ಯರು ರಕ್ತಪರೀಕ್ಷೆಯ ಚೀಟಿಯನ್ನು ನೋಡಿ, "ಸಕ್ಕರೆ ಕಾಯಿಲೆಯ ಹೊಸ್ತಿಲಿನಲ್ಲಿ ನಿಂತಿದ್ದೀರಿ, ನಿಮ್ಮ ತಂದೆಯವರಿಗೆ ಇದೆಯೇ?" ಎಂದು ಕೇಳುತ್ತಾರೆ. ತಂದೆಗೆ ಐವತ್ತೆಂಟು ವರ್ಷವಾಗಿದ್ದರೂ ಆ ಕಾಯಿಲೆ ಇಲ್ಲ. ಮಗನಿಗೆ ಇಪ್ಪತ್ತಾರು.

ಅವನ ಪಕ್ಕದ ಮೇಜಿನವನು ಅವನಷ್ಟೇ ತಿಂದರೂ ಕಡ್ಡಿಯಂತೆಯೇ ಇರುವುದನ್ನು ಕಂಡು ಅವನಿಗೆ ಸೋಜಿಗವಾಗುತ್ತದೆ. ಇದೂ ಪರೀಕ್ಷೆಗೆ ಒಳಗಾದ ವಿಷಯವೇ. ಜೇಮ್ಸ್ ಲೆವಿನ್ ಎಂಬ ವೈದ್ಯರೂ ಅವರ ಸಂಗಡಿಗರೂ 16 ಮಂದಿಗೆ ಎಂಟು ವಾರಗಳ ಕಾಲ ದಿನವೂ ಅಗತ್ಯಕ್ಕಿಂತ 1,000 ಕಿಲೊಕ್ಯಾಲೊರಿ ಹೆಚ್ಚಾಗಿ ಉಣಬಡಿಸಿ, 1999ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಬ್ಬನಿಗೆ ಕೂಡಿಕೊಂಡ ಕೊಬ್ಬು ಅರ್ಧ ಕಿಲೊಗಿಂತಲೂ ಕಡಮೆ. ಮತ್ತೊಬ್ಬನಿಗೆ ನಾಲ್ಕು ಕಿಲೊಗಿಂತ ಹೆಚ್ಚು. ಕೆಲವರ ಮೈ ತಾವರಿಯದೆಯೇ ಹೆಚ್ಚು ಚಲಿಸತೊಡಗಿತ್ತು: ಎದ್ದು ನಿಲ್ಲುವುದು, ಅತ್ತಿತ್ತ ಓಡಾಡುವುದು, ಕುಳಿತಲ್ಲಿಯೇ ಕೈಕಾಲು ಆಡಿಸುವುದು. ವ್ಯಾಯಾಮವೆಂದು ಯಾರೂ ಕರೆಯದ ಈ ಸಣ್ಣ ಚಲನೆಗಳೇ ಹೆಚ್ಚಿನ ಊಟದ ಗಣನೀಯ ಭಾಗವನ್ನು ವೆಚ್ಚಮಾಡಿದ್ದವು. ಕನ್ನಡದಲ್ಲಿ ಕೊಬ್ಬು ಎಂಬ ಮಾತಿಗೆ ಸೊಕ್ಕು ಎಂಬ ಅರ್ಥವೂ ಉಂಟು. ಆದರೆ ದಪ್ಪಗಿರುವವನನ್ನು ಸೋಮಾರಿಯೆಂದೋ ಸೊಕ್ಕಿನವನೆಂದೋ ಹಾಸ್ಯ ಮಾಡುವುದು ತಿಳಿವಳಿಕೆಯಿಲ್ಲದವರ ಕೆಲಸ.

ಗಾಬರಿಗೊಂಡ ತರುಣನು ಮೊದಲು ಮಾಡಿದ್ದು ಉಪವಾಸ. ರಾತ್ರಿಯ ಊಟವನ್ನು ಪೂರ್ತಿ ಬಿಟ್ಟು, ಹಗಲು ಹಣ್ಣು ಮಾತ್ರ ತಿಂದನು. ವಾರದಲ್ಲಿ ತೂಕ ಎರಡು ಕಿಲೊ ಇಳಿಯಿತು, ಅವನು ಹಿಗ್ಗಿದನು. ಮುಂದಿನ ವಾರ ತಲೆಸುತ್ತು ಬಂದು ಮೊದಲಿನಂತೆ ಉಂಡನು. ಎರಡು ಕಿಲೊ ಮರಳಿ ಬಂತು. ಅವನು ಕಳೆದುಕೊಂಡದ್ದು ಕೊಬ್ಬನ್ನಲ್ಲ. ದೇಹವು ಪಿಷ್ಟದ ಒಂದು ಸಣ್ಣ ದಾಸ್ತಾನನ್ನು ಗ್ಲೈಕೊಜೆನ್ ಎಂಬ ರೂಪದಲ್ಲಿ ಪಿತ್ತಜನಕಾಂಗದಲ್ಲಿಯೂ ಸ್ನಾಯುಗಳಲ್ಲಿಯೂ ಇಟ್ಟಿರುತ್ತದೆ. ಅದು ನೀರಿನೊಡನೆ ಕೂಡಿಕೊಂಡಿರುತ್ತದೆ. ಊಟ ನಿಂತೊಡನೆ ಮೊದಲು ಖರ್ಚಾಗುವುದು ಈ ದಾಸ್ತಾನು. ಅದರ ಜೊತೆಗೆ ನೀರೂ ಹೊರಟುಹೋಗುತ್ತದೆ. ಊಟ ಬಂದೊಡನೆ ಎರಡೂ ಹಿಂದಿರುಗುತ್ತವೆ. ಬೆವರಿಳಿಸಿ ತೂಕ ತಗ್ಗಿಸುವೆವೆಂದು ಬಿಸಿಲಿನಲ್ಲಿ ದಪ್ಪ ಅಂಗಿ ತೊಟ್ಟು ಓಡುವವರೂ ಇದೇ ತಪ್ಪನ್ನು ಮಾಡುತ್ತಾರೆ. ಒಂದು ತಂಬಿಗೆ ನೀರು ಕುಡಿದರೆ ಅವರ ಗಳಿಕೆ ಮುಗಿಯಿತು.

ಹಾಗಾದರೆ ಕೊಬ್ಬು ದೇಹದಿಂದ ಹೊರಹೋಗುವ ದಾರಿ ಯಾವುದು? 2014ರಲ್ಲಿ ಆಸ್ಟ್ರೇಲಿಯದ ರೂಬೆನ್ ಮೀರ್ಮನ್ ಮತ್ತು ಆಂಡ್ರ್ಯೂ ಬ್ರೌನ್ ಎಂಬುವರು ಈ ಪ್ರಶ್ನೆಯನ್ನು ವೈದ್ಯರಿಗೂ ಆಹಾರತಜ್ಞರಿಗೂ ವ್ಯಾಯಾಮ ಶಿಕ್ಷಕರಿಗೂ ಕೇಳಿದಾಗ ಬಹುಮಂದಿ, ಅದು ಶಕ್ತಿಯಾಗಿ ಮಾರ್ಪಡುತ್ತದೆ ಎಂದರು. ಶಕ್ತಿ ಬಿಡುಗಡೆಯಾಗುವುದು ನಿಜ. ಆದರೆ ದ್ರವ್ಯ ಹಾಗೆ ಮಾಯವಾಗಲಾರದೆಂಬುದನ್ನು ರಸಾಯನಶಾಸ್ತ್ರ ಓದಿದ ವಿದ್ಯಾರ್ಥಿಯೂ ಬಲ್ಲನು. ಕೊಬ್ಬು ಇಂಗಾಲ, ಜಲಜನಕ, ಆಮ್ಲಜನಕಗಳಿಂದಾದ ವಸ್ತು. ಹತ್ತು ಕಿಲೊ ಕೊಬ್ಬು ಪೂರ್ತಿ ಉರಿಯಲು ನಾವು 29 ಕಿಲೊ ಆಮ್ಲಜನಕವನ್ನು ಒಳಗೆಳೆದುಕೊಳ್ಳಬೇಕು. ಆಗ 28 ಕಿಲೊ ಇಂಗಾಲದ ಡೈಆಕ್ಸೈಡ್, 11 ಕಿಲೊ ನೀರು ಉಂಟಾಗುತ್ತವೆ. ಲೆಕ್ಕವನ್ನು ಬಿಡಿಸಿ ನೋಡಿದರೆ ಆ ಹತ್ತು ಕಿಲೊದಲ್ಲಿ 8.4 ಕಿಲೊ ಉಸಿರಿನ ಮೂಲಕವೇ ಗಾಳಿಯನ್ನು ಸೇರುತ್ತದೆ! ಸುಮ್ಮನೆ ಜೋರಾಗಿ ಉಸಿರಾಡಿದರೆ ಮೈ ಇಳಿಯುವುದಿಲ್ಲ. ಉರಿಸುವ ಕೆಲಸ ಜೀವಕೋಶಗಳಲ್ಲಿ ನಡೆಯಬೇಕು. ತಿಂದದ್ದಕ್ಕಿಂತ ವೆಚ್ಚ ಹೆಚ್ಚಾದ ದಿನವೇ ಅವು ಕೂಡಿಟ್ಟ ಕೊಬ್ಬಿಗೆ ಕೈಹಾಕುತ್ತವೆ. ಅವು ಎಲ್ಲಿಂದ ತೆಗೆಯಬೇಕೆಂಬ ಅಪ್ಪಣೆಯನ್ನೂ ನಾವು ಕೊಡಲಾಗದು. ಹೊಟ್ಟೆಯನ್ನು ಬಗ್ಗಿಸಿ ಎಬ್ಬಿಸುವ ವ್ಯಾಯಾಮದಿಂದ ಹೊಟ್ಟೆಯ ಸ್ನಾಯು ಗಟ್ಟಿಯಾದೀತು. ಅಲ್ಲಿನ ಕೊಬ್ಬು ಮಾತ್ರವೇ ಕರಗದು.

ವೈದ್ಯರ ಸಲಹೆಯಂತೆ ತರುಣನು ಎರಡನೆಯ ಬಾರಿ ಹೂಡಿದ ಉಪಾಯ ಬಹಳ ಸಪ್ಪೆಯಾಗಿತ್ತು. ಕಾಫಿಯ ಸಕ್ಕರೆಯನ್ನು ಎರಡು ಚಮಚದಿಂದ ಒಂದಕ್ಕೆ, ಒಂದರಿಂದ ಅರ್ಧಕ್ಕೆ ಇಳಿಸಿ, ಎರಡು ತಿಂಗಳಲ್ಲಿ ಬಿಟ್ಟೇಬಿಟ್ಟನು. ಎರಡು ಚಮಚವೆಂದರೆ ಸುಮಾರು 10 ಗ್ರಾಂ, 40 ಕಿಲೊಕ್ಯಾಲೊರಿ. ನಾಲ್ಕು ಲೋಟಕ್ಕೆ 160. ಮುದ್ದೆ ಎರಡರಿಂದ ಒಂದಾಯಿತು. ತೆರವಾದ ಜಾಗಕ್ಕೆ ಸೊಪ್ಪಿನ ಸಾರು, ಹುರುಳಿಕಾಳು, ಮಜ್ಜಿಗೆ, ಕೆಲವು ದಿನ ಮೊಟ್ಟೆ ಬಂದವು. ಹೊಟ್ಟೆ ತುಂಬಿದಂತಾಗದಿದ್ದರೆ ಯಾವ ವ್ರತವೂ ಹದಿನೈದು ದಿನ ದಾಟುವುದಿಲ್ಲ. ಬೋಂಡ ಶನಿವಾರಕ್ಕೆ ಸರಿಯಿತು. ಕಚೇರಿ ಇದ್ದುದು ಮೂರನೆಯ ಮಹಡಿಯಲ್ಲಿ. ಲಿಫ್ಟನ್ನು ಬಿಟ್ಟು ಮೆಟ್ಟಿಲು ಹಿಡಿದನು. ಸಂಜೆ ಎರಡು ನಿಲ್ದಾಣ ಮುಂಚೆಯೇ ಬಸ್ಸಿಳಿದು ನಡೆದನು. ದೂರವಾಣಿಯಲ್ಲಿ ಮಾತನಾಡುವಾಗ ಎದ್ದು ನಿಲ್ಲುವ ರೂಢಿ ಮಾಡಿಕೊಂಡನು. ಬೆಳಗ್ಗೆ ಹದಿನೈದು ನಿಮಿಷ ಗರಡಿಮನೆಯ ಹಳೆಯ ದಂಡ ಬಸ್ಕಿ. ಇವು ಕೊಬ್ಬನ್ನು ಕರಗಿಸುವುದಕ್ಕಿಂತ ಹೆಚ್ಚಾಗಿ ಸ್ನಾಯುಗಳನ್ನು ಉಳಿಸುತ್ತವೆ. ಊಟ ತಗ್ಗಿಸಿದಾಗ ದೇಹ ಕೊಬ್ಬಿನ ಜೊತೆಗೆ ಸ್ನಾಯುವನ್ನೂ ಸ್ವಲ್ಪ ಕರಗಿಸಿಕೊಳ್ಳುತ್ತದೆ. ಸ್ನಾಯುವಿಗೆ ಕೆಲಸವೂ ಆಹಾರದಲ್ಲಿ ಸಾಕಷ್ಟು ಸಸಾರಜನಕವೂ ಇದ್ದರೆ ಆ ನಷ್ಟ ಕಡಮೆಯಾಗುತ್ತದೆ.

ಇಷ್ಟರಿಂದ ದಿನಕ್ಕೆ ನಾನೂರು ಐನೂರು ಕಿಲೊಕ್ಯಾಲೊರಿ ಉಳಿಯಿತು. ಒಂದು ಕಿಲೊ ಮೈಕೊಬ್ಬಿನಲ್ಲಿ ಸುಮಾರು 7,700 ಅಡಗಿರುವುದರಿಂದ ವಾರಕ್ಕೆ ಅರ್ಧ ಕಿಲೊಗೂ ಕಡಮೆ. ಅವನ ಮುಕ್ಕಾಲು ಗಂಟೆಯ ನಡಿಗೆ ಕುಳಿತಿರುವುದಕ್ಕಿಂತ ಹೆಚ್ಚಾಗಿ ಉರಿಸಿದ್ದು ನೂರು ಕಿಲೊಕ್ಯಾಲೊರಿಯಷ್ಟೇ. ಉಳಿದದ್ದೆಲ್ಲ ತಟ್ಟೆಯಿಂದ ಮತ್ತು ಲೋಟದಿಂದ ಬಂದದ್ದು. ನಡೆದೆನೆಂಬ ಹೆಮ್ಮೆಯಿಂದ ಒಂದು ಬೋಂಡ ತಿಂದರೆ ನಡಿಗೆಯ ಲೆಕ್ಕ ಚುಕ್ತಾ. ಹಾಗೆಂದು ನಡಿಗೆ ನಿರರ್ಥಕವಲ್ಲ. ನಿರ್ವಾಹಕನ ಹೃದಯವನ್ನು ಕಾಪಾಡಿದ್ದು ಮೆಟ್ಟಿಲು. 2016ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದ ಅಧ್ಯಯನವೊಂದು, ದಿನಕ್ಕೆ ಎಂಟು ಗಂಟೆ ಕುಳಿತಿರುವವರಲ್ಲಿಯೂ 60ರಿಂದ 75 ನಿಮಿಷ ಬಿರುಸಾಗಿ ನಡೆಯುವಷ್ಟು ಚಟುವಟಿಕೆ ಇದ್ದವರಿಗೆ ಕುಳಿತದ್ದರಿಂದ ಬರುವ ಸಾವಿನ ಅಪಾಯ ಹೆಚ್ಚಾಗಿ ಕಾಣಲಿಲ್ಲವೆಂದು ತಿಳಿಸಿತು.

ನಾಲ್ಕನೆಯ ತಿಂಗಳಲ್ಲಿ ತಕ್ಕಡಿಯ ಮುಳ್ಳು ನಿಂತಲ್ಲಿಯೇ ನಿಂತಿತು. ಹಗುರವಾದ ಮೈಗೆ ಕಡಮೆ ಶಕ್ತಿ ಸಾಕು. ಆದುದರಿಂದ ಮೊದಲಿನ ಉಳಿತಾಯ ತಾನಾಗಿಯೇ ಕುಗ್ಗಿತ್ತು. ಅನೇಕರು ಕೈಚೆಲ್ಲುವುದು ಇಲ್ಲಿಯೇ. ಅವನು ತಕ್ಕಡಿಯನ್ನು ಬಿಟ್ಟು ಅಳತೆಪಟ್ಟಿಯನ್ನು ಹಿಡಿದನು: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಸಹಜವಾಗಿ ಉಸಿರು ಬಿಟ್ಟಾಗ ಸುತ್ತಿದರೆ ಮೊದಲಿದ್ದ 94 ಸೆಂಟಿಮೀಟರ್ 90ಕ್ಕೆ ಬಂದಿತ್ತು. ಭಾರತದ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರನ್ನು ವೈದ್ಯರು ಗಡಿಯೆಂದು ಇಟ್ಟಿದ್ದಾರೆ. ಅಂಗಾಂಗಗಳ ಸುತ್ತ ಶೇಖರವಾಗುವ ಹೊಟ್ಟೆಯೊಳಗಿನ ಕೊಬ್ಬು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುವುದರಿಂದ ಈ ಅಳತೆಗೆ ಬೆಲೆ. ಭಾರತೀಯರಿಗೆ ತಕ್ಕಡಿ ಸುಳ್ಳು ಹೇಳುವ ಸಂಭವವೂ ಹೆಚ್ಚು. ಪುಣೆಯ ಡಾಕ್ಟರ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾಕ್ಟರ್ ಯುಡ್ಕಿನ್ ಎಂಬ ಇಬ್ಬರು ಸ್ನೇಹಿತರು 2004ರಲ್ಲಿ ತಮ್ಮ ಮೈಯನ್ನೇ ಉದಾಹರಣೆಯಾಗಿ ಜಗತ್ತಿನ ಮುಂದಿಟ್ಟರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ಆದರೆ ದೇಹದ ಕೊಬ್ಬು ಯುಡ್ಕಿನ್ ಅವರಲ್ಲಿ ಶೇಕಡಾ 9.1, ಯಾಜ್ಞಿಕ್ ಅವರಲ್ಲಿ ಶೇಕಡಾ 21.2! ಬೆಳೆಯುವ ವಯಸ್ಸಿನ ವಿದ್ಯಾರ್ಥಿಗಳಿಗೆ ಈ ಗಡಿಗಳಾವುವೂ ಅನ್ವಯಿಸುವುದಿಲ್ಲ. ಅವರು ಊಟ ಬಿಡುವುದೂ ಸಲ್ಲದು. ಅವರಿಗೆ ಬೇಕಾದದ್ದು ಆಟದ ಬಯಲು.

ಹತ್ತು ತಿಂಗಳು ಕಳೆಯುವ ಹೊತ್ತಿಗೆ ತರುಣನ ತೂಕ 64 ಕಿಲೊ, ಸೊಂಟ 84 ಸೆಂಟಿಮೀಟರ್. ರಕ್ತದ ಸಕ್ಕರೆ ಹೊಸ್ತಿಲಿನಿಂದ ಹಿಂದೆ ಸರಿದಿತ್ತು. ಸಂಕ್ರಾಂತಿಗೆ ಊರಿಗೆ ಹೋದಾಗ ತಾಯಿ ಅವನನ್ನು ನೋಡಿ, "ಇದೇನ್ ಮಗಾ, ಇಷ್ಟೊಂದು ಸೊರಗೋಗಿದ್ದೀಯ? ಊಟಕ್ಕೂ ಕೊಡಲ್ವ ಆ ಊರಲ್ಲಿ?" ಎಂದು ಕಣ್ಣಿನಲ್ಲಿ ನೀರು ತಂದುಕೊಂಡಳು. ಅವನು ಲೆಕ್ಕವನ್ನೆಲ್ಲ ವಿವರಿಸಹೊರಟು ಅರ್ಧಕ್ಕೇ ನಿಲ್ಲಿಸಿದನು. ಮರುದಿನ ಕಬ್ಬಿನ ಕಟಾವು ಇತ್ತು. ತಂದೆಯೊಡನೆ ತಾನೂ ಮಚ್ಚು ಹಿಡಿದು ಗದ್ದೆಗಿಳಿದನು. ಮೂರು ವರ್ಷ ಕೀಲಿಗಳನ್ನು ಒತ್ತಿದ ಅಂಗೈಯಲ್ಲಿ ಮಧ್ಯಾಹ್ನದ ಹೊತ್ತಿಗೆ ಬೊಬ್ಬೆಗಳೆದ್ದವು. ತಂದೆ ಮಾತ್ರ ಸಂಜೆಯವರೆಗೆ ಒಂದೇ ಸಮನೆ ಕಡಿಯುತ್ತಿದ್ದನು. ರಾತ್ರಿ ತಾಯಿ ಅನುಮಾನಿಸುತ್ತಲೇ ಎರಡನೆಯ ಮುದ್ದೆಯನ್ನು ತಟ್ಟೆಗೆ ಹಾಕಿದಳು. ಅವನು ಬೇಡವೆನ್ನದೆ ಉಂಡನು.